ವ್ರತದ ಕಾಲಂ

ನಮ್ಮ ಸಮೀಕ್ಷೆಯ ಪ್ರಶ್ನಾವಳಿಗೆ ‘ವ್ರತ’ ಎಂಬ ಕಾಲಂ ಸೇರಿಸಿದವಳು ನಾನೇ. ಹಸಿವನ್ನು ಅಳೆಯುವ ಪ್ರಶ್ನೆಗಳು ಹೊರದೇಶದಿಂದ ಬಂದಂಥವು. ಊಟ ಬಿಟ್ಟವರೆಲ್ಲ ಇಲ್ಲದವರೇ ಎಂದು ಅವು ನಂಬಿದ್ದವು. ನಮ್ಮ ಕಡೆಯ ಹೆಂಗಸರ ಒಪ್ಪೊತ್ತು ಇವರಿಗೇನು ಗೊತ್ತು ಎಂದು ಮಣಿಪಾಲದ ಮೀಟಿಂಗಿನಲ್ಲಿ ಜೋರಾಗಿಯೇ ಹೇಳಿದೆ. ಸೋಮವಾರ ಒಂದೇ ಹೊತ್ತು ಉಣ್ಣುತ್ತಿದ್ದ ಅಮ್ಮನ ಮಗಳು ನಾನು. ಎಲ್ಲರೂ ತಲೆಯಾಡಿಸಿದರು, ನಾನು ಬೀಗಿದೆ. ದೇವರಿಗಾಗಿ ಊಟ ಬಿಟ್ಟವರು ಹಸಿದವರ ಪಟ್ಟಿಗೆ ಸೇರುವುದಿಲ್ಲ, ಪಟ್ಟಿಯಲ್ಲಿದ್ದವರಿಗಷ್ಟೇ ತಿಂಗಳ ಅಕ್ಕಿ-ಬೇಳೆ ಎಂದು ತೀರ್ಮಾನವಾಯಿತು.

ಮಳೆಗಾಲಕ್ಕೆ ದೋಣಿಗಳೆಲ್ಲ ದಡ ಸೇರಿದ್ದಾಗ ಕಾಪುವಿನಲ್ಲಿ ಮೀನು ಮಾರುವ ಒಬ್ಬ ವಿಧವೆಯ ಮನೆಗೆ ಹೋದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರು. ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಹಿಂದಿನ ವಾರ ಊಟ ಬಿಟ್ಟದ್ದುಂಟೋ ಎಂದು ಕೇಳಿದೆ.

“ಉಂಟಲ್ಲ ಮೇಡಂ. ಸೋಮವಾರ ಶಿವನಿಗೆ, ಮಂಗಳವಾರ ಅಮ್ಮನಿಗೆ, ಗುರುವಾರ ರಾಯರಿಗೆ, ಶನಿವಾರ ಶನಿದೇವರಿಗೆ.”

“ನಿಮ್ಮ ದೇವರುಗಳಿಗೆ ರಜೆಯೇ ಇಲ್ವಾ?” ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ನಾಲ್ಕೂ ದಿನವನ್ನು ವ್ರತದ ಕಾಲಂಗೆ ಹಾಕಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಎಂದು ಬುದ್ಧಿ ಹೇಳಿ ಬಂದೆ. ಅವರು ತಪ್ಪಿಸಲಿಲ್ಲ.

ತಿಂಗಳೊಳಗೆ ಉಡುಪಿಯ ಆಸ್ಪತ್ರೆಯೊಂದರಿಂದ ಅವರ ಮಗಳು, ನಾನು ಕೊಟ್ಟು ಬಂದಿದ್ದ ನಂಬರಿಗೆ ಫೋನ್ ಮಾಡಿದಳು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಸಕ್ಕರೆ ಪೂರಾ ಇಳಿದು, ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಿದ್ದರಂತೆ. ನಾನು ಹೋದಾಗಲೂ ಎಚ್ಚರವಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, “ಇಷ್ಟು ಕಠಿಣ ವ್ರತ ಯಾಕೆ ಹಿಡಿದಿದ್ದರು ಅಮ್ಮ?” ಎಂದೆ.

ಹುಡುಗಿ ನನ್ನನ್ನೇ ನೋಡಿದಳು. “ಅಕ್ಕಿ ಇದ್ದ ದಿವಸ ಅಮ್ಮನಿಗೆ ಎಂತ ವ್ರತವೂ ಇರ್ಲಿಲ್ಲ ಮೇಡಂ. ಸೋಮವಾರ ಮೀನು ಸಹ ತಿಂತಿದ್ರು. ಮನೆಗೆ ಬಂದವರ ಹತ್ರ ಇಲ್ಲ ಅಂತ ಹೇಗೆ ಹೇಳುದು?”

ಹಸಿವಿನ ಮೇಲೆ ಪಾಠ ಮಾಡುವವಳು ನಾನು. ನಾಚಿಕೆಯಿಂದ ಕುಗ್ಗಿಹೋದೆ. ಪಟ್ಟಿಯಲ್ಲಿ ಅವರ ಹೆಸರು ಸೇರಿಸಲು ಅಂದೇ ಬರೆದು ಕಳಿಸಿದೆ. ಮೂರನೆಯ ದಿನ ಅವರು ತೀರಿಕೊಂಡರು.

ಉತ್ತರಕ್ರಿಯೆಯ ಊಟವನ್ನು ಊರವರೇ ಸೇರಿ ಮಾಡಿಸಿದರು. ತೀರಿದವರಿಗೆಂದು ಹಾಕಿದ ಎಲೆಗೆ ಮಗಳು ಅನ್ನ ಬಡಿಸಿದಳು. ಮತ್ತೊಂದು ಸೌಟು, ಮತ್ತೊಂದು. ಅನ್ನ ಎಲೆ ಮೀರಿ ನೆಲಕ್ಕೆ ಬೀಳತೊಡಗಿತು.

“ಸಾಕು ಮಗಾ,” ಎಂದರು ಪಕ್ಕದಲ್ಲಿದ್ದ ಅವಳ ಚಿಕ್ಕಮ್ಮ.

“ಇರ್ಲಿ ಚಿಕ್ಕಮ್ಮ, ಅಮ್ಮ ಊಟ ಮಾಡ್ಲಿ,” ಎಂದು ಅವಳು ಬಡಿಸುತ್ತಲೇ ಇದ್ದಳು.