ಚಾಂಪಿಯನ್ ರೀಫ್ಸಿನ ಮಸ್ಕತ್

ಆಶಾರಾಣಿಯ ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಅತ್ತೆಯ ಕಾಟವೂ ಅಂಥದ್ದೇನಿರಲಿಲ್ಲ. ಹಾಗಾಗಿ ಅವಳು ಎರಡು ವರ್ಷಕ್ಕೆ ಮಸ್ಕತ್‌ಗೆ ಹೋಗುತ್ತಾಳಂತೆ ಎಂಬ ಸುದ್ದಿ ಬಂಗಾರಪೇಟೆ ಪಕ್ಕದ ಆ ಹಳ್ಳಿಯಲ್ಲಿ ಹಬ್ಬಿದಾಗ, ಕಾರಣ ಹುಡುಕುವವರಿಗೆ ಭಾರೀ ಕಷ್ಟವಾಯಿತು. ಹಾಲಿನ ಡೈರಿಯ ಸಾಲಿನಲ್ಲಿ ನಿಂತ ಹೆಂಗಸರು ಕ್ಯಾನು ಕೆಳಗಿಟ್ಟು ಕೇಳುವರು, “ಏನಮ್ಮಾ ಅಂಥಾ ಕಷ್ಟ ನಿಂಗೆ?”

“ಕಷ್ಟ ಏನಿಲ್ಲ ಕಣಕ್ಕ. ಓಗಬೇಕು ಅನ್ನಿಸ್ತದೆ.”

ಇದನ್ನು ಯಾರು ನಂಬುತ್ತಾರೆ? ಗಂಡಸು ಹೊರಟರೆ ದುಡಿಯೋಕೆ ಹೊರಟ ಅನ್ನುತ್ತದೆ ಊರು. ಹೆಂಗಸು ಹೊರಟರೆ ಮನೆಯಲ್ಲೇನೋ ಕೆಟ್ಟಿದೆ ಅನ್ನುತ್ತದೆ. ಆಶಾರಾಣಿ ಉತ್ತರ ಕೊಡುವುದನ್ನೇ ಬಿಟ್ಟಳು.

ಕೆಲಸ ಬಂದದ್ದು ಮಾರಿಯಮ್ಮನ ಕಡೆಯಿಂದ. ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನಲ್ಲಿ ಆಶಾರಾಣಿಯ ಅಕ್ಕ ಕಲ್ಪನ ಇರುವ ಲೈನು ಮನೆಗೆ ಗೋಡೆ ಹಂಚಿಕೊಂಡ ಮನೆ ಅವಳದು. ಮಸ್ಕತ್‌ನಲ್ಲಿರುವ ಒಬ್ಬ ತೆಲುಗು ಡಾಕ್ಟರ ವಯಸ್ಸಾದ ತಾಯಿಯನ್ನು ಆರು ವರ್ಷ ನೋಡಿಕೊಂಡು, ಈಗ ತನ್ನದೇ ಮಂಡಿ ಕೈಕೊಟ್ಟು ವಾಪಸು ಬಂದಿದ್ದಳು. ಆ ಜಾಗಕ್ಕೆ ನಂಬಿಕೆಯ ಹೆಂಗಸು ಬೇಕಿತ್ತು. ಆಶಾರಾಣಿಗೆ ತೆಲುಗು ಬರುತ್ತಿತ್ತು. ಮಾವ ಮೂರು ವರ್ಷ ಹಾಸಿಗೆ ಹಿಡಿದಿದ್ದಾಗ ಬೆನ್ನಿಗೊಂದು ಹುಣ್ಣಾಗದ ಹಾಗೆ ನೋಡಿಕೊಂಡದ್ದು ನೆಂಟರಿಗೆಲ್ಲ ಗೊತ್ತಿತ್ತು. ಮೂವತ್ತಾರು ವರ್ಷದಲ್ಲಿ ಅವಳು ತಿರುಪತಿಯಿಂದಾಚೆ ಏನನ್ನೂ ಕಂಡವಳಲ್ಲ. ಹೋಗುವ ಆಸೆ ಎಷ್ಟಿತ್ತೆಂದರೆ, ಅವಳಿಗೇ ನಾಚಿಕೆಯಾಗುವಷ್ಟಿತ್ತು. ಆದರೆ ಮಗಳು ಸುಕನ್ಯಳಿಗೆ ಇನ್ನೂ ಹನ್ನೆರಡು. ಹೂಂ ಅನ್ನುವುದೋ ಉಹೂಂ ಅನ್ನುವುದೋ, ತಿಂಗಳ ಕೊನೆಗೆ ಹೇಳಬೇಕಿತ್ತು.

“ಪಾರಮ್ಮಾ, ಇಲ್ನೋಡು,” ಅಂದಳು ಮಾರಿಯಮ್ಮ, “ವೀಸಾ, ಬಿಸ್ಲು, ಊಟ, ಅದೆಲ್ಲಾ ಆಮೇಲೆ. ನೀನಿಲ್ದೆ ನಿನ್ ಮನೆ ಎಂಗಿರ್ತದೆ, ಅದನ್ನ ಮೊದ್ಲು ನೋಡ್ಕೋ. ನಾನು ನೋಡ್ಕಳ್ದೆ ಓಗ್ಬಿಟ್ಟೆ.”

ಹಾಗೆ ತೀರ್ಮಾನವಾಯಿತು. ಆಶಾರಾಣಿ ಹದಿನೈದು ದಿನ ಕಲ್ಪನಳ ಮನೆಯಲ್ಲಿರುವುದು. ಹಳ್ಳಿಯಿಂದ ಅಲ್ಲಿಗೆ ಒಂಬತ್ತು ಕಿಲೋಮೀಟರು, ಆದರೆ ಅದನ್ನು ಮಸ್ಕತ್ ಎಂದೇ ಎಲ್ಲರೂ ತಿಳಿಯುವುದು. ಅವಳು ಬರುವ ಹಾಗಿಲ್ಲ, ಇವರು ಹೋಗುವ ಹಾಗಿಲ್ಲ, ದಿನಕ್ಕೊಂದು ಸಲ ಫೋನು. ಗಂಡ ನಾಗೇಶ್ ತಲೆ ಕೆರೆದುಕೊಂಡು ಒಪ್ಪಿದ. ಹೊರಡುವಾಗ ಅತ್ತೆ ಮುನಿರತ್ನಮ್ಮ ನಿಜವಾಗಿಯೇ ಅತ್ತು, ಸೊಸೆಯ ಕೈಗೆ ಒಂದು ಬಾಟಲಿ ಉಪ್ಪಿನಕಾಯಿ ಕೊಟ್ಟರು. ಆಟೋದವನು ಯಾರಾದರೂ ತೀರಿಕೊಂಡರಾ ಎಂದು ಕೇಳಿದ.

ಮಸ್ಕತ್ ಒಂದೂವರೆ ಗಂಟೆ ಹಿಂದೆ ಎಂದು ಮಾರಿಯಮ್ಮ ಹೇಳಿದ್ದರಿಂದ ಕಲ್ಪನಳ ಮನೆಯ ಗೋಡೆ ಗಡಿಯಾರವನ್ನೂ ಹಿಂದಕ್ಕೆ ತಿರುಗಿಸಲಾಯಿತು. ಕಲ್ಪನಳ ಗಂಡ ದಿನಾ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವನು. ಎರಡು ದಿನ ರೈಲು ತಪ್ಪಿಸಿಕೊಂಡ ಮೇಲೆ ಗಡಿಯಾರವನ್ನು ಇಳಿಸಿ ಮಂಚದ ಕೆಳಗೆ ತಳ್ಳಿದ.

ಹಳ್ಳಿಯಲ್ಲಿ ನಾಗೇಶನ ಪಾಡು ಬೇರೆ. ಮನೆಯ ಸೀಮೆಹಸು ಆಶಾರಾಣಿಯೊಬ್ಬಳಿಗೆ ಮಾತ್ರ ಹಾಲು ಬಿಡುತ್ತಿತ್ತು, ಗಂಡಸರ ನೆರಳು ಕಂಡರೆ ಒದೆಯುತ್ತಿತ್ತು. ಮೊದಲ ದಿನ ಒದೆ ತಿಂದ ನಾಗೇಶ್, ಎರಡನೆಯ ದಿನ ಹೆಂಡತಿಯ ನೈಟಿ ಹಾಕಿಕೊಂಡು ತಲೆಗೆ ಟವೆಲ್ ಹೊದ್ದು ಕೂತ. ಹಸು ಒಮ್ಮೆ ತಿರುಗಿ ನೋಡಿ, ಮೂಸಿ, ಹಾಲು ಬಿಟ್ಟಿತು. ಅದನ್ನು ಅವನು ವೀಡಿಯೋ ಕಾಲಿನಲ್ಲಿ ತೋರಿಸಿದಾಗ ಆಶಾರಾಣಿ, ಕಲ್ಪನ, ಮಾರಿಯಮ್ಮ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರವಾಗಿಲ್ಲ, ಮನೆ ನಡೆಯುತ್ತದೆ ಎಂದು ಆಶಾರಾಣಿಗೆ ಧೈರ್ಯ ಬಂತು.

ಆರನೆಯ ದಿನದಿಂದ ಫೋನಿನಲ್ಲಿ ಬರೀ ಹಸುವೇ ಬರತೊಡಗಿತು. ಸುಕನ್ಯ ಎಲ್ಲಿ ಅಂದರೆ ಟ್ಯೂಷನ್ನಿಗೆ ಹೋಗಿದ್ದಾಳೆ. ಮಾರನೆಯ ದಿನ ಕೇಳಿದರೆ ಓದಿ ಓದಿ ಮಲಗಿಬಿಟ್ಟಿದ್ದಾಳೆ. ತಾನಿಲ್ಲದಿದ್ದರೆ ಹುಡುಗಿಗೆ ಬುದ್ಧಿ ಬರುತ್ತದೆ ಎಂದು ಆಶಾರಾಣಿ ಖುಷಿಪಟ್ಟಳು. ಆ ಸಂಜೆ ಕಲ್ಪನ ಬೋಂಡಾ ಕರಿದಳು, ಇಬ್ಬರೂ ಟಿವಿ ನೋಡಿಕೊಂಡು ತಿಂದರು.

ಹನ್ನೊಂದನೆಯ ದಿನ ಡೈರಿಯ ಸೆಕ್ರೆಟರಿ ಕೋದಂಡಪ್ಪನ ಫೋನು ಬಂತು. ಹಸುವಿನ ಫೀಡಿನ ಮೂಟೆ ಬಂದಿದೆ, ಯಾರನ್ನು ಕಳಿಸುತ್ತೀಯ ಎಂದು ಕೇಳಿ, ಮಾತಿಗೆ ಮಾತು ಸೇರಿಸುವ ಒಳ್ಳೆಯ ಮನುಷ್ಯನಾದ್ದರಿಂದ, “ಮಗಳ ಪ್ಲೇಟ್ಲೆಟ್ ಏರ್ತಾ ತಾಯಿ?” ಅಂದ.

“ಯಾರ ಮಗಳದು?” ಅಂದಳು ಆಶಾರಾಣಿ.

ಕೋದಂಡಪ್ಪ ಎರಡು ಸಲ ಕೆಮ್ಮಿ, ಫೀಡಿನ ವಿಷಯವನ್ನೇ ಇನ್ನೊಮ್ಮೆ ಹೇಳಿ ಫೋನಿಟ್ಟ.

ಮಸ್ಕತ್‌ನಿಂದ ಹಳ್ಳಿಗೆ ಆಟೋದಲ್ಲಿ ಇಪ್ಪತ್ತೈದು ನಿಮಿಷ ಹಿಡಿಯಿತು. ಸುಕನ್ಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದಳು. ಮುಂಗೈಯಲ್ಲಿ ಸೂಜಿ ಚುಚ್ಚಿದ ಕಡೆ ಅಂಟಿಸಿದ್ದ ಟೇಪು ಇನ್ನೂ ಇತ್ತು. ಡೆಂಗಿ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಳು. ನಾಗೇಶ್ ಕೊಟ್ಟಿಗೆಯಿಂದ ನೈಟಿಯಲ್ಲೇ ಬಕೆಟ್ ಹಿಡಿದು ಬಂದವನು ಹೆಂಡತಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಈ ಸಲ ಅವಳಿಗೆ ನಗು ಬರಲಿಲ್ಲ.

“ಯಾಕಯ್ಯಾ ನಂಗೆ ಏಳಲಿಲ್ಲ?”

“ಏಳಿ ಏನ್ ಮಾಡೋದು? ಮಸ್ಕತ್‌ನಾಗಿದ್ರೆ ಬರಕ್ಕಾಗ್ತಿತ್ತಾ? ಅಲ್ಲಿ ಕೂತ್ಕೊಂಡು ಅಳ್ತಿದ್ದೆ, ಅಷ್ಟೇ.”

“ನಾನೇ ಬ್ಯಾಡ ಅಂದೆ,” ಅಂದರು ಅತ್ತೆ. “ಅವನನ್ನ ಬಯ್ಯಬ್ಯಾಡ.”

ಅವರು ತಪ್ಪೇನು ಮಾಡಿದ್ದರು? ಹೇಳಿದಂತೆ ಮಸ್ಕತ್ ಎಂದೇ ತಿಳಿದು ನಡೆದುಕೊಂಡಿದ್ದರು. ಜ್ವರ ಯಾರಿಗಾದರೂ ಬರುತ್ತದೆ, ಅದನ್ನು ಅವಳು ತಡೆದುಕೊಂಡಾಳು. ಮಗು ಡ್ರಿಪ್ಪು ಹಾಕಿಸಿಕೊಂಡು ಮಲಗಿದ್ದ ಸಂಜೆ ತಾನು ಬೋಂಡಾ ತಿನ್ನುತ್ತಾ ಟಿವಿ ನೋಡಿದ್ದು, ಅದು ಮಾತ್ರ ಗಂಟಲಿಂದ ಕೆಳಗಿಳಿಯಲಿಲ್ಲ. ಸುಕನ್ಯಳನ್ನು ತೊಡೆಯ ಮೇಲೆಳೆದುಕೊಂಡು ಗೋಳೋ ಎಂದು ಅತ್ತಳು.

ಮಾರನೆಯ ದಿನ ಬಟ್ಟೆಬರೆ ತರಲು ಹೋದಾಗ ಮಾರಿಯಮ್ಮನಿಗೆ ಎಲ್ಲ ಹೇಳಿದಳು. ಮಾರಿಯಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ.

“ನಾನು ಅಲ್ಲಿದ್ದಾಗ ನಮ್ಮಮ್ಮ ಮಲಗವ್ಳೆ, ಮಲಗವ್ಳೆ ಅಂತಾ ಇದ್ರು ನಂಗೆ. ದಿನಾ ಫೋನ್ ಮಾಡಿ ಕೇಳ್ತಿದ್ದೆ. ಅವಳು ತೀರಿ ಓಗಿ ನಲವತ್ತು ದಿನ ಆಗಿತ್ತು.”

ಮನೆಗೆ ಬಂದ ಆಶಾರಾಣಿ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. “ಒಂದೇ ಮಾತು ಕೇಳ್ತೀನಿ. ನಾನು ಓಗೋದಾದ್ರೆ, ಏನೇ ಆಗ್ಲಿ, ಯಾರಿಗೇ ಆಗ್ಲಿ, ಅವತ್ತವತ್ತೇ ನಂಗೆ ಏಳಬೇಕು. ಏಳ್ತೀಯಾ?”

ನಾಗೇಶ್ ಎದುರಿಗೆ ಕೂತು ಸುಳ್ಳು ಹೇಳಲು ಬಾರದವನು. “ನನ್ ಕೈಲಾಗಲ್ಲ ಕಣೇ. ನೀನು ಅಲ್ಲಿ ಒಬ್ಳೇ ಅಳೋದು ನೆನೆಸ್ಕೊಂಡ್ರೆ ಬಾಯಿಗೆ ‘ಎಲ್ಲಾ ಚೆನ್ನಾಗದೆ’ ಅಂತ್ಲೇ ಬತ್ತದೆ.”

“ಅಂಗಾದ್ರೆ ನಾನು ಓಗಲ್ಲ.”

ಹೇಳಿದ್ದೇ ತಡ, ಅವಳ ಮುಖ ಬಾಡಿಹೋಯಿತು. ಆಗ ಮಾತಾಡಿದ್ದು ಸುಕನ್ಯ.

“ನಾನು ಏಳ್ತೀನಿ ಬುಡು.”

“ನೀನೇನು ಏಳ್ತೀಯ ಮಗಾ?”

“ಎಲ್ಲಾ ಏಳ್ತೀನಿ. ಈಗ್ಲೇ ಏಳ್ತೀನಿ. ನೀನು ಓಗೋದು ನಂಗೆ ಇಷ್ಟ ಇಲ್ಲ. ನೀನಿಲ್ದಾಗ ದಿನಾ ಅತ್ತಿದ್ದೀನಿ. ಅಪ್ಪನೂ ಅತ್ತಿದ್ದಾನೆ, ಕೊಟ್ಟಿಗೆಲಿ.” ಮೂಗೊರೆಸಿಕೊಂಡಳು. “ಆದ್ರೂ ಓಗು. ಓಗದೆ ಇಲ್ಲೇ ಮುಖ ಊದಿಸ್ಕೊಂಡಿದ್ರೆ ಅದೂ ನಂಗಿಷ್ಟ ಇಲ್ಲ.”

ನಾಗೇಶ್ ತಲೆ ತಗ್ಗಿಸಿದ. ಆಶಾರಾಣಿ ಮಗಳನ್ನೇ ನೋಡಿದಳು. ಈ ಮನೆಯಲ್ಲಿ ನಂಬಬಹುದಾದ ಒಂದು ಬಾಯಿ ಇದೆ ಎಂದು ಅವಳಿಗೆ ಗೊತ್ತಾಯಿತು. ತಿಂಗಳ ಕೊನೆಗೆ ಹೂಂ ಅಂದಳು, ಮಳೆಗಾಲ ಮುಗಿಯುವಷ್ಟರಲ್ಲಿ ಹೊರಟಳು.

ಅಲ್ಲಿ ಕೆಲಸ ಹೇಳಿದಂತೆಯೇ ಇತ್ತು. ಡಾಕ್ಟರ ತಾಯಿ ಎರಡೇ ವಾರಕ್ಕೆ ಹೊಂದಿಕೊಂಡರು. ಗಂಡ ದಿನಾ ಫೋನ್ ಮಾಡಿ ಎಲ್ಲಾ ಚೆನ್ನಾಗದೆ ಅನ್ನುವನು, ಅವಳು ಒಂದು ಕಿವಿಯಲ್ಲಿ ಕೇಳುವಳು. ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ದೋಸೆಗೆ ರುಬ್ಬುತ್ತಿದ್ದಾಗ, ಹೊತ್ತಲ್ಲದ ಹೊತ್ತಿನಲ್ಲಿ ಸುಕನ್ಯಳ ಫೋನು ಬಂತು.

“ಅಮ್ಮಾ, ಅಜ್ಜಿ ಬಚ್ಚಲಾಗೆ ಜಾರಿ ಬಿದ್ದವ್ಳೆ. ಸೊಂಟಕ್ಕೆ ಬೆಲ್ಟ್ ಆಕವ್ರೆ. ಒಂದು ತಿಂಗ್ಳು ಮಂಚ ಬಿಟ್ಟು ಇಳಿಯಂಗಿಲ್ಲ. ನಿಂಗೆ ಏಳಬ್ಯಾಡ ಅಂತ ಅಪ್ಪ ಪ್ರಮಾಣ ಮಾಡಿಸ್ಕಂಡವ್ನೆ. ಅದಕ್ಕೇ ಬೇಗ ಏಳ್ತಾ ಇದ್ದೀನಿ.”

ಆಶಾರಾಣಿ ರುಬ್ಬುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತಳು. ಮನೆಬಿಟ್ಟು ಬಂದ ದಿನದಿಂದ ತಡೆದಿಟ್ಟ ಅಳುವೆಲ್ಲ ಒಟ್ಟಿಗೆ ಬಂತು. ಒಳಗಿನ ಕೋಣೆಯಿಂದ ಮುದುಕಿ, ಏನಾಯ್ತಮ್ಮಾ ಎಂದು ತೆಲುಗಿನಲ್ಲಿ ಕೂಗಿ ಕೇಳಿದರು.

“ನಮ್ಮ ಮನೆಯಿಂದ ಕೆಟ್ಟ ಸುದ್ದಿ ಬಂತಮ್ಮಾ,” ಎಂದು ಆಶಾರಾಣಿ ಅವರ ಮಾತಿನಲ್ಲೇ ಹೇಳಿದಳು. ಮಗಳು ಮುಚ್ಚಿಡಲಿಲ್ಲವೆಂಬ ಸಂತೋಷಕ್ಕೆ ಅವಳ ದನಿ ನಡುಗುತ್ತಿತ್ತು.