ಅಕ್ಕನ ಅಳತೆ

ರೈಲು ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗಳನ್ನೆಲ್ಲ ದಾಟಿ ಕೊನೆಗೆ ಹೋದರೆ ಒಂದು ಉದ್ದನೆಯ ಕೋಣೆ ಸಿಗುತ್ತದೆ. ಪ್ರಯಾಣಿಕರು ಮರೆತುಹೋದ ಸಾಮಾನೆಲ್ಲ ಬಂದು ಸೇರುವುದು ಅಲ್ಲಿಗೆ. ಗೋಡೆಯುದ್ದಕ್ಕೂ ಛತ್ರಿಗಳು, ಕೆಳಗಿನ ಹಲಗೆಯ ಮೇಲೆ ಒಂಟಿ ಚಪ್ಪಲಿಗಳು, ಕಿಟಕಿಯ ಬಳಿ ಯಾರದೋ ಹಲ್ಲಿನ ಸೆಟ್ಟು. ಅದನ್ನು ಕೇಳಿಕೊಂಡು ಇದುವರೆಗೆ ಯಾರೂ ಬಂದಿಲ್ಲ. ಹಲ್ಲಿಲ್ಲದೆ ಬಂದು ಕೇಳುವುದಾದರೂ ಹೇಗೆ, ಪಾಪ. ಇಷ್ಟೆಲ್ಲದರ ನಡುವೆ ಒಂದು ಮೇಜು, ಮೇಜಿನ ಹಿಂದೆ ಚಿಕ್ಕಮ್ಮ.

ಅವಳನ್ನು ಹಾಗೆ ಮೊದಲು ಕರೆದವಳು ಓರಗಿತ್ತಿಯ ಮಗಳು. ಆಮೇಲೆ ಬೀದಿಯವರು, ನಿಲ್ದಾಣದ ಕೂಲಿಗಳು, ಕೊನೆಗೆ ಅವಳಿಗಿಂತ ಎಂಟು ವರ್ಷ ದೊಡ್ಡವರಾದ ಸ್ಟೇಷನ್ ಮಾಸ್ತರರೂ ಚಿಕ್ಕಮ್ಮ ಎನ್ನತೊಡಗಿದರು. ಬೇಡವೆನ್ನುವ ಸ್ವಭಾವ ಅವಳದಲ್ಲ.

ಎರಡು ರೈಲುಗಳ ನಡುವಿನ ಮಧ್ಯಾಹ್ನದಲ್ಲಿ ಆ ಕೋಣೆಗೆ ಯಾರೂ ಬರುವುದಿಲ್ಲ. ಬಿಸಿಲು ಒಂದು ಛತ್ರಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುತ್ತದೆ. ಚಿಕ್ಕಮ್ಮನ ಕಣ್ಣು ತೆರೆದೇ ಇರುತ್ತದೆ, ಮನಸ್ಸು ಮಾತ್ರ ಮನೆಯ ಫ್ರಿಜ್ಜಿನೊಳಗೆ ಇಳಿದಿರುತ್ತದೆ. ಬೆಳಗಿನ ಅನ್ನ ಒಂದು ಡಬ್ಬಿ, ಬೇಳೆ ಅರ್ಧ ಡಬ್ಬಿ, ನಿನ್ನೆಯ ಆಲೂಗಡ್ಡೆ ಪಲ್ಯ ತಳದಲ್ಲಿ ಮೂರು ಚಮಚ. ಅವು ತಣ್ಣನೆಯ ಕತ್ತಲಲ್ಲಿ ಕುಳಿತು ಪಿಸುಗುಟ್ಟುವುದು ಅವಳಿಗೆ ಕೇಳಿಸುತ್ತದೆ. ಅನ್ನ ಪಲ್ಯದ ಕಡೆ ವಾಲುತ್ತದೆ. ಬೇಳೆಗೆ ಗೋಧಿ ಹಿಟ್ಟಿನ ಮೇಲೆ ಮನಸ್ಸು. ಯಾರನ್ನು ಯಾರ ಜೊತೆ ಸೇರಿಸಬೇಕು, ಯಾರನ್ನು ಇನ್ನೊಂದು ದಿನ ಕಾಯಿಸಬೇಕು ಎಂಬುದು ಸಂಜೆಯ ರೈಲು ಕೂಗುವ ಹೊತ್ತಿಗೆ ತಾನಾಗಿ ತಿಳಿಯಾಗಿರುತ್ತದೆ.

ಮನೆಯಲ್ಲಿ ನಾಲ್ಕು ಜನ. ಚಿಕ್ಕಮ್ಮ, ಅವಳ ಗಂಡ, ಭಾವ, ಭಾವನ ಹೆಂಡತಿ ಅಕ್ಕ. ಅಣ್ಣತಮ್ಮಂದಿರಿಬ್ಬರದೂ ಒಂದೇ ಕನ್ನಡಕದ ಅಂಗಡಿ. ದಿನವಿಡೀ ಊರವರ ಕಣ್ಣು ಸರಿಮಾಡಿ ಮನೆಗೆ ಬಂದರೆ, ತಟ್ಟೆಯಲ್ಲಿ ಏನು ಬಿದ್ದಿದೆ ಎಂಬುದು ಅವರಿಗೇ ಕಾಣುತ್ತಿರಲಿಲ್ಲ. ಬೆಳಗಿನ ಅಡುಗೆ ಅಕ್ಕನದು, ಸಂಜೆಯದು ಚಿಕ್ಕಮ್ಮನದು. ಬೆಳಿಗ್ಗೆ ಮಿಕ್ಕ ಅನ್ನ ಸಂಜೆಗೆ ಹಿಸುಕಿದ ಆಲೂಗಡ್ಡೆಯ ಜೊತೆ ಸೇರಿ ಕೆಂಪಗೆ ಸುಟ್ಟ ಬಿಲ್ಲೆಯಾಗುತ್ತಿತ್ತು. ಬೇಳೆ ಹಿಟ್ಟಿನೊಳಗೆ ನಾದಿಸಿಕೊಂಡು ರೊಟ್ಟಿಯಾಗುತ್ತಿತ್ತು. ಪಲ್ಯ ಮೊಸರಿಗೆ ಬಿದ್ದು, ಎರಡು ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿಸಿಕೊಂಡು, ತಾನು ನಿನ್ನೆಯವನೇ ಅಲ್ಲವೆಂಬಂತೆ ಮೇಜಿಗೆ ಬರುತ್ತಿತ್ತು. ಒಂದು ಹಿಡಿ ನಿನ್ನೆಯದು ಇದ್ದರೆ ಸಾಕು, ಅದರ ಆಸರೆಯಲ್ಲಿ ಹಸಿ ಹಿಟ್ಟು, ಹಸಿ ತರಕಾರಿ ಎಲ್ಲವೂ ಅವಳ ಮಾತು ಕೇಳುತ್ತಿದ್ದವು.

ಹಾಗಾಗಿ ಹೆಸರೆಲ್ಲ ಚಿಕ್ಕಮ್ಮನಿಗೆ. ಅಂಗಡಿಗೆ ಬಂದ ಗಿರಾಕಿಗಳ ಮುಂದೆಯೂ ಅಣ್ಣತಮ್ಮಂದಿರು ಅವಳ ಕೈಗುಣವನ್ನು ಕೊಂಡಾಡುತ್ತಿದ್ದರು. ಅಕ್ಕನ ಪಾಲಿಗೆ ಬಂದದ್ದು ಭಾವನ ಗೇಲಿ. "ಇವಳಿಗೆ ಅಳತೆ ಅನ್ನೋದೇ ಗೊತ್ತಿಲ್ಲ. ನಾಲ್ಕು ಜನಕ್ಕೆ ಮಾಡು ಅಂದ್ರೆ ನಾಲ್ಕು ಮನೆಗೆ ಮಾಡ್ತಾಳೆ. ಚಿಕ್ಕಮ್ಮ ಇಲ್ದಿದ್ರೆ ಅಷ್ಟೂ ತಿಪ್ಪೆಗೆ ಹೋಗ್ತಿತ್ತು." ಅಕ್ಕ ನಗುತ್ತಿದ್ದಳು. ಚಿಕ್ಕಮ್ಮನೂ ನಗುತ್ತಿದ್ದಳು, ಸ್ವಲ್ಪ ಜೋರಾಗಿಯೇ. ಸುಳ್ಳೇಕೆ, ಅವಳಿಗೆ ಅದು ಹಿತವಾಗಿರುತ್ತಿತ್ತು.

ಆದರೆ ಅವಳೊಳಗೆ ಒಂದು ಗುಟ್ಟಿತ್ತು. ಊರೆಲ್ಲ ಹೊಗಳುವ ಆ ಕೈಗೆ ಅನ್ನ ಮಾಡಲು ಬರುತ್ತಿರಲಿಲ್ಲ.

ಸೊಸೆಯಾಗಿ ಬಂದ ಮೊದಲ ವಾರ ಅವಳು ಅನ್ನಕ್ಕೆ ಇಟ್ಟು ಕಿಟಕಿಯ ಬಳಿ ನಿಂತಿದ್ದಳು. ಎದುರು ಮನೆಯ ಮಾಳಿಗೆಯಲ್ಲಿ ಒಣಗಲು ಹಾಕಿದ ಬಿಳಿ ಬಟ್ಟೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಎಲ್ಲಿಗೋ ಹೋಗಿಬಿಟ್ಟಳು. ಪಾತ್ರೆ ತಳ ಹಿಡಿದು, ಹೊಗೆ ಎದ್ದು, ಆಗಿನ್ನೂ ಬದುಕಿದ್ದ ಮಾವ ಉಪವಾಸ ಕೆಲಸಕ್ಕೆ ಹೋದರು. ಬಾಗಿಲ ಹಿಂದೆ ಕುಳಿತು ಅಳುತ್ತಿದ್ದವಳ ಬಳಿ ಅಕ್ಕ ಬಂದು, ಸೀಯದೆ ಉಳಿದ ಮೇಲಿನ ಅನ್ನವನ್ನು ಬಟ್ಟಲಲ್ಲಿ ಇಟ್ಟು, "ಇದ್ರಲ್ಲಿ ಏನಾದ್ರೂ ಮಾಡು ನೋಡೋಣ" ಅಂದಳು. ಅವಳು ಏನೋ ಮಾಡಿದಳು. ಸಂಜೆ ಮಾವ ಎರಡು ಸಲ ಬಡಿಸಿಕೊಂಡರು. ಅಂದಿನಿಂದ ಇಪ್ಪತ್ತಾರು ವರ್ಷ, ಹಸಿ ಅಕ್ಕಿಯನ್ನು ಅವಳು ಮುಟ್ಟಿರಲಿಲ್ಲ. ಮುಟ್ಟಬೇಕಾದ ಸಂದರ್ಭವೇ ಬರಲಿಲ್ಲ, ಅದು ಹೇಗೋ.

ಈಗ ಬಂತು. ಮಗಳ ಬಾಣಂತನಕ್ಕೆಂದು ಅಕ್ಕ ಮೂರು ತಿಂಗಳ ಮಟ್ಟಿಗೆ ಹೊರಟಳು. ಬುಧವಾರ ಬೆಳಿಗ್ಗೆ ರೈಲು ಹತ್ತುವ ಮುಂಚೆ ದೊಡ್ಡ ಪಾತ್ರೆಯಲ್ಲಿ ಅನ್ನ, ಬೇಳೆ, ಎರಡು ಬಗೆಯ ಪಲ್ಯ ಮಾಡಿಟ್ಟಿದ್ದಳು. ಚಿಕ್ಕಮ್ಮ ಅದನ್ನು ಬುಧವಾರ ಹಿಗ್ಗಿಸಿದಳು, ಗುರುವಾರ ಹಿಗ್ಗಿಸಿದಳು. ಶುಕ್ರವಾರ ಬ್ರೆಡ್ಡು ಸೇರಿಸಿ ಹಿಗ್ಗಿಸಿದಳು. ಡಬ್ಬಿಗಳು ಒಂದೊಂದಾಗಿ ಖಾಲಿಯಾಗುತ್ತ ಬಂದವು. ಮಧ್ಯಾಹ್ನದ ಕೋಣೆಯಲ್ಲಿ ಈಗ ಪಿಸುಮಾತು ಕಡಿಮೆ. ಕಣ್ಣೆದುರಿಗೆ ಬರುತ್ತಿದ್ದದ್ದು ಬೆಳ್ಳಗಿನ ಅಕ್ಕಿಯ ರಾಶಿ, ಅದರಲ್ಲಿ ಅವಳ ಪಾದ ಮೆಲ್ಲಗೆ ಹೂತುಹೋಗುತ್ತಿತ್ತು.

ಶನಿವಾರ ಕೊನೆಯ ಎರಡು ಹಿಡಿ ಅನ್ನ ಉಳಿದಿತ್ತು. ಅದರಲ್ಲಿ ಒಂದನ್ನು ಭಾನುವಾರಕ್ಕೆ ಉಳಿಸಿಕೊಂಡರೆ ಹೇಗೋ ದಾಟಬಹುದು ಎಂದು ಲೆಕ್ಕ ಹಾಕಿದ್ದಳು. ಅವಳು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗಂಡ ಪಾತ್ರೆಯನ್ನೇ ಬಳಿಗೆಳೆದುಕೊಂಡು, ತಳ ಹೊಳೆಯುವಂತೆ ಬಳಿದು ತಿಂದಿದ್ದ.

"ನೋಡು, ಇವತ್ತು ಒಂದಗುಳೂ ಬಿಟ್ಟಿಲ್ಲ" ಎಂದ, ಬಹುಮಾನ ಕೊಟ್ಟವನ ಹಾಗೆ. ಇಪ್ಪತ್ತಾರು ವರ್ಷದಲ್ಲಿ ಅವನು ಅವಳ ಎದುರಿಗೇ ಆಡಿದ ಅತಿ ದೊಡ್ಡ ಹೊಗಳಿಕೆ ಅದು. ಅವಳು ಖಾಲಿ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಗಂಡಸರಿಬ್ಬರೂ ಜಗಲಿಯಲ್ಲಿ ಪೇಪರು ಹರಡಿಕೊಂಡು ಕುಳಿತರು. "ಇವತ್ತು ಮಧ್ಯಾಹ್ನಕ್ಕೂ ಚಿಕ್ಕಮ್ಮನ ಕೈ ಅಡುಗೆ" ಎಂದು ಭಾವ ಆಗಲೇ ಬಾಯಿ ಚಪ್ಪರಿಸಿದ್ದ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಕ್ಕಿ ಡಬ್ಬದ ಮುಂದೆ ನಿಂತಳು. ಕೈ ಮುಳುಗಿಸಿದರೆ ಅಕ್ಕಿ ತಣ್ಣಗೆ ಬೆರಳುಗಳ ನಡುವೆ ಜಾರಿತು. ಪರಿಚಯವೇ ಇಲ್ಲದ ಮುಖ ಅದು. ಇಷ್ಟು ವರ್ಷ ತಲೆಯ ಮೇಲೆ ಹೊತ್ತು ತಿರುಗಿದ ಹೆಸರು ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಬೀಳುತ್ತದೆ ಎಂದು ಅವಳಿಗೆ ಅನ್ನಿಸಿತು. ಅದು ಬಿದ್ದರೆ ಈ ಮನೆಯಲ್ಲಿ ತಾನು ಯಾರು? ಅಳು ಬಂತು. ಆ ಮೊದಲ ವಾರದ ಅಳುವೇ, ಒಂದಿಷ್ಟೂ ಬದಲಾಗಿರಲಿಲ್ಲ. ಕೊನೆಗೆ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಅನ್ನಕ್ಕೆ ಎಷ್ಟು ನೀರಿಡ್ತೀರ?"

ಅಕ್ಕ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಇಷ್ಟು ದಿನ ಹೇಗೆ ಎಳೆದ್ಯೇ ಹುಡುಗಿ? ಗುರುವಾರವೇ ಫೋನ್ ಬರುತ್ತೆ ಅಂದ್ಕೊಂಡಿದ್ದೆ."

"ನಂಗೆ ಬರಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಇರಲಿ, ಲೋಟ ತಗೋ. ತಲೆಗೆ ಅರ್ಧ ಲೋಟ ಅಕ್ಕಿ, ಅದರ ಎರಡರಷ್ಟು ನೀರು. ಮೂರು ಜನಕ್ಕೆ ಒಂದೂವರೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಮುಚ್ಚು. ಕಿಟಕಿ ಕಡೆ ಹೋಗಬೇಡ."

ಚಿಕ್ಕಮ್ಮ ಲೋಟ ಹಿಡಿದು ನಿಂತಳು. "ಹಾಗಾದ್ರೆ ನಾಲ್ಕು ಜನಕ್ಕೆ ಎರಡೇ ಲೋಟ. ನೀವು ದಿನಾ ಮೂರು ಹಾಕ್ತಿದ್ರಲ್ಲ ಅಕ್ಕ."

"ಎರಡು ಲೋಟ ಮನೆಗೆ. ಒಂದು ನಿಂಗೆ" ಎಂದಳು ಅಕ್ಕ. "ಸಂಜೆಗೆ ನಿನ್ನ ಕೈಗೆ ಏನಾದ್ರೂ ಬೇಕಲ್ವಾ. ಬೇಳೆನೂ ಹಾಗೇ, ಪಲ್ಯನೂ ಹಾಗೇ. ಅವತ್ತು ಬಾಗಿಲ ಹಿಂದೆ ಕೂತಿದ್ಯಲ್ಲ, ಮತ್ತೆ ಹಾಗೆ ನೋಡೋಕೆ ನನ್ನಿಂದ ಆಗ್ತಿರಲಿಲ್ಲ." ಹಿನ್ನೆಲೆಯಲ್ಲಿ ಯಾರೋ ಕರೆದರು. "ಮಗು ಎದ್ದಿದೆ, ಇಡ್ತೀನಿ. ಉರಿ ಸಣ್ಣ, ಮರೀಬೇಡ."

ಅವಳು ಒಂದೂವರೆ ಲೋಟ ಅಳೆದಳು. ಪಾತ್ರೆಯ ಪಕ್ಕದಲ್ಲೇ ನಿಂತಳು. ಮುಚ್ಚಳದ ಅಂಚಿನಿಂದ ಆವಿ ಎಳೆಎಳೆಯಾಗಿ ಏಳುತ್ತಿದ್ದರೆ, ಇಪ್ಪತ್ತಾರು ವರ್ಷದ ಬೆಳಗುಗಳೆಲ್ಲ ಆ ಆವಿಯೊಳಗಿಂದ ಒಂದೊಂದಾಗಿ ಹಾದುಹೋದವು. ಪ್ರತಿಯೊಂದರಲ್ಲೂ ಅಕ್ಕ ಬೆನ್ನು ಹಾಕಿ ನಿಂತು, ಎರಡು ಲೋಟ ಅಳೆದು, ಒಂದು ಗಳಿಗೆ ತಡೆದು, ಮೂರನೆಯದನ್ನು ಹಾಕುತ್ತಿದ್ದಳು. ಚಿಕ್ಕಮ್ಮನ ಎದೆ ತುಂಬಿ ಬಂತು. ನಾಚಿಕೆಯೂ ಆಯಿತು, ಎರಡೂ ಒಟ್ಟಿಗೆ.

ಒಂದು ಗಂಟೆಗೆ ಬಡಿಸಿದಳು. ಬೆಂದ ಅನ್ನ, ತರಕಾರಿ ಬೇಯಿಸಿ ಹಾಕಿದ ಬೇಳೆ. ಅನ್ನ ತುಸು ಮುದ್ದೆಯಾಗಿತ್ತು. ಗಂಡ ಸುಮ್ಮನೆ ಉಂಡ. ಭಾವ ಪಾತ್ರೆಯೊಳಗೆ ಇಣುಕಿ ನೋಡಿ, ತನ್ನ ಹಳೆಯ ಗೇಲಿಯನ್ನು ಹೊರತೆಗೆದ.

"ಸರಿಯಾಗಿ ಮೂರು ಜನಕ್ಕೆ ಮಾಡಿದ್ದೀಯ. ನಮ್ಮನೆಯವಳಿಗೆ ಇದನ್ನ ಸ್ವಲ್ಪ ಕಲಿಸಬಾರದಾ?"

ನಗಬೇಕಾದ ಜಾಗ ಅದು. ನಕ್ಕಿದ್ದರೆ ಹೆಸರು ಉಳಿಯುತ್ತಿತ್ತು. ಚಿಕ್ಕಮ್ಮ ಸೌಟನ್ನು ಕೆಳಗಿಟ್ಟಳು.

"ಅಳತೆ ಗೊತ್ತಿದ್ದದ್ದು ಅಕ್ಕನಿಗೆ, ಭಾವ. ಅನ್ನ ಮಾಡೋಕೆ ಬರದೆ ಇದ್ದವಳು ನಾನು. ಇವತ್ತು ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಕೇಳ್ಕೊಂಡು ಮಾಡಿದ್ದು. ದಿನಾ ಮಿಗ್ತಿತ್ತಲ್ಲ, ಅದು ತಪ್ಪಾಗಿ ಮಿಗ್ತಿರಲಿಲ್ಲ. ನಂಗೆ ಅಂತ ಮಿಗಿಸ್ತಿದ್ರು."

ಭಾವ ತಮ್ಮನ ಮುಖ ನೋಡಿದ, ಆಮೇಲೆ ಅಕ್ಕನ ಖಾಲಿ ಕುರ್ಚಿಯ ಕಡೆ ನೋಡಿದ.

"ನಾನು ಅಷ್ಟು ಆಡ್ಕೊಳ್ತಿದ್ದೆ" ಎಂದ. "ಒಂದು ಸಲನಾದ್ರೂ ಹೇಳಬಹುದಿತ್ತಲ್ಲ ಅವಳು."

"ಹೇಳಿದ್ರೆ ನನ್ನ ಹೆಸರು ಹೋಗ್ತಿತ್ತು" ಎಂದಳು ಚಿಕ್ಕಮ್ಮ.