ಶನಿವಾರ ತಾಯಿಯ ಪಾದ ಒತ್ತುತ್ತಿದ್ದವನು

ದೂರದಲ್ಲಿದ್ದವರು ಬಂದು ಕಾಣಿಸಿಕೊಂಡು ಹೋದರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಕ್ರಿಮಿನಲ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು ನಾನು. ಕಣ್ಣಾರೆ ಕಂಡೆ ಎಂದು ಪ್ರಮಾಣ ಮಾಡಿ ಹೇಳಿದ ಸಾಕ್ಷಿ ಪಾಟಿ ಸವಾಲಿನಲ್ಲಿ ತಡವರಿಸುವುದನ್ನು ದಿನವೂ ನೋಡುತ್ತಿದ್ದೆ. ಈಗ ನನ್ನದೂ ಅಂಥದೇ ಒಂದು ಸಾಕ್ಷಿ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ಜೈಲು ಊರೊಳಗಿನಿಂದ ಹೊಸೂರು ರಸ್ತೆಯ ಕಡೆಗೆ ಹೋಗಿ ಕೆಲವು ವರ್ಷಗಳಾಗಿದ್ದವು. ನಾನು ಜರಗನಹಳ್ಳಿಯಲ್ಲಿ ಬಾಡಿಗೆಗಿದ್ದೆ. ನಮ್ಮ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ಗದಗದ ಕಡೆಯ ಶಾಂತವ್ವ ಇದ್ದಳು. ಅವಳ ಒಬ್ಬನೇ ಮಗ ಬಸವರಾಜ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮಾಡುತ್ತಿದ್ದ. ಬಟ್ಟೆಯ ಬಂಡಲ್ ಕದ್ದ ಎಂಬ ಆರೋಪದ ಮೇಲೆ ಒಳಗೆ ಹೋದ. ಜಾಮೀನೇನೋ ಒಂದೇ ತಿಂಗಳಿಗೆ ಸಿಕ್ಕಿತು. ಆದರೆ ಆಸ್ತಿಯ ಕಾಗದ ತೋರಿಸಿ, ಇವನಿಗೆ ನಾನು ಹೊಣೆ ಎಂದು ಸಹಿ ಹಾಕುವವರೊಬ್ಬರು ಬೇಕಲ್ಲ? ಪರವೂರಿನವರಿಗೆ ಯಾರು ಹಾಕುತ್ತಾರೆ? ಹೀಗೆ ಏಳು ತಿಂಗಳು ಕಳೆಯಿತು. ಪ್ರತಿ ವಾಯಿದೆಯ ದಿನವೂ ಶಾಂತವ್ವ ಕೋರ್ಟಿಗೆ ಬಂದು ನನ್ನನ್ನು ಕೇಳುತ್ತಿದ್ದಳು: "ಸಾಹೇಬ್ರ, ಇವತ್ತರ ಬಿಡ್ತಾರೇನ್ರಿ?"

ಕೊನೆಗೆ ಅವಳ ಮನೆ ಮಾಲೀಕರೇ ಮರುಗಿ, ಒಂದು ಶುಕ್ರವಾರ ತಮ್ಮ ಜಮೀನಿನ ಪಹಣಿ ತಂದು ಸಹಿ ಹಾಕಿದರು. ಶಾಂತವ್ವನಿಗೆ ಜ್ವರವಿತ್ತು, ಬಂದಿರಲಿಲ್ಲ. "ಹೋಗಿ ಹೇಳಿ, ರಾತ್ರಿ ಊಟಕ್ಕೆ ಮಗ ಮನೇಲಿರ್ತಾನೆ" ಎಂದು ಮಾಲೀಕರನ್ನು ಕಳಿಸಿದೆ. ನಾಲ್ಕು ಗಂಟೆಗೆ ಬಿಡುಗಡೆಯ ಆದೇಶಕ್ಕೆ ನ್ಯಾಯಾಧೀಶರ ರುಜು ಬಿತ್ತು. ಕೈದಿಗಳನ್ನು ಎಣಿಸಿ ಬೀಗ ಹಾಕುವ ಮುಂಚೆ ಅದನ್ನು ಜೈಲಿಗೆ ತಲುಪಿಸುವುದು ನನ್ನ ಕೆಲಸ.

ಹೋಗಲಿಲ್ಲ. ಜಯನಗರದಲ್ಲಿ ನನ್ನ ಷಡ್ಡಕನ ಮಗಳ ಆರತಕ್ಷತೆ ಇತ್ತು. ಏಳು ತಿಂಗಳು ಇದ್ದವನಿಗೆ ಇನ್ನೊಂದು ದಿನ ಏನು ಮಹಾ ಅನ್ನಿಸಿತು. ಲಕೋಟೆ ಬ್ಯಾಗಿನಲ್ಲೇ ಉಳಿಯಿತು.

ಮರುದಿನ ಎರಡನೇ ಶನಿವಾರ, ಕೋರ್ಟಿಗೆ ರಜೆ. ಹನ್ನೊಂದು ಗಂಟೆಗೆ ಜೈಲಿಗೆಂದೇ ಹೊರಟು ಹಿಂದಿನ ಬೀದಿಯಲ್ಲಿ ನಡೆದೆ. ಶಾಂತವ್ವನ ಬಾಗಿಲು ತೆರೆದಿತ್ತು. ಅವಳು ಚಾಪೆಯ ಮೇಲೆ ಮಲಗಿದ್ದಳು. ಬಸವರಾಜ ಪಕ್ಕದಲ್ಲಿ ಕೂತು ಅವಳ ಪಾದ ಒತ್ತುತ್ತಿದ್ದ. ಕೋರ್ಟಿನಲ್ಲಿ ಎಷ್ಟೋ ಸಲ ನೋಡಿದ ಮುಖ. ಮಣಿಕಟ್ಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ತಾಗಿದ ಸುಟ್ಟ ಕಲೆಯೂ ಕಂಡಿತು. ಅವನು ತಲೆ ಎತ್ತಲಿಲ್ಲ. ಶಾಂತವ್ವ ನನ್ನ ಕಡೆ ಹೊರಳಿ, "ಬಂದಾನ್ರೀ ಸಾಹೇಬ್ರ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದಳು.

ಬಸವರಾಜನ ವಕೀಲರು ಓಡಾಡಿ ಆದೇಶದ ಇನ್ನೊಂದು ಪ್ರತಿ ತಲುಪಿಸಿರಬೇಕು ಅಂದುಕೊಂಡೆ. ಕೇಳಬಹುದಿತ್ತು, ಕೇಳಲಿಲ್ಲ. ಹಗುರವಾಗಿ ಮನೆಗೆ ವಾಪಸು ಬಂದೆ.

ಸೋಮವಾರ ಬೆಳಿಗ್ಗೆ ಮಾಲೀಕರು ನಮ್ಮ ಗೇಟಿನ ಮುಂದೆ ನಿಂತಿದ್ದರು. "ಏನ್ ಸಾರ್, ಬಿಡ್ತಾರೆ ಅಂದಿದ್ರಿ? ಆಯಮ್ಮ ನಿನ್ನೆ ಬೆಳಗಿನ ಜಾವ ಹೋಗ್ಬಿಟ್ರು. ಸಂಜೆವರೆಗೂ ಕಾದು ನಾವೇ ಮಣ್ಣು ಮಾಡಿದ್ವಿ."

"ಮಗ ಶನಿವಾರ ಇಲ್ಲೇ ಇದ್ನಲ್ಲ?"

"ಎಲ್ಲಿ ಸಾರ್? ಇಡೀ ದಿನ ನಮ್ಮನೆಯವ್ರೇ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದು."

ಲಕೋಟೆ ಹಿಡಿದು ಜೈಲಿಗೆ ಓಡಿದೆ. ಅಲ್ಲಿಯ ಗುಮಾಸ್ತ ತಾರೀಕು ನೋಡಿದ, ನನ್ನ ಮುಖ ನೋಡಿದ. ಶನಿವಾರ ಅವನು ಹೊರಗಿದ್ದನಲ್ಲವೇ ಎಂದು ಕೇಳಿದ್ದಕ್ಕೆ ರಿಜಿಸ್ಟರ್ ತಿರುಗಿಸಿ ತೋರಿಸಿದ. ಮೂರು ದಿನವೂ ಎಣಿಕೆಯಲ್ಲಿ ಬಸವರಾಜ ಒಳಗೇ ಇದ್ದ.

ಬಿಡುಗಡೆಯಾಗಿ ಬಂದವನಿಗೆ ಗೇಟಿನ ಹೊರಗೆ ತಾಯಿಯ ಸುದ್ದಿಯನ್ನು ನಾನೇ ಹೇಳಿದೆ. ಅವನು ರಸ್ತೆಯ ಬದಿಯಲ್ಲಿ ಕುಕ್ಕರಿಸಿದ. ಆಮೇಲೆ, "ಆರ್ಡರ್ ಯಾವಾಗ ಆತ್ರಿ?" ಎಂದ.

"ಸಹಿ ತಡ ಆಯ್ತಪ್ಪ. ಇವತ್ತೇ ಬಿತ್ತು" ಎಂದೆ.

"ನೀವರ ಲಗೂನ ತಂದ್ರಲ್ರೀ" ಎಂದು ಬಗ್ಗಿ ನನ್ನ ಕಾಲು ಮುಟ್ಟಿದ.

ಆ ಶನಿವಾರ ನಾನು ಕಂಡದ್ದೇನು? ತಪ್ಪು ಮಾಡಿದ ಮನಸ್ಸು ತನಗೆ ಬೇಕಾದ್ದನ್ನು ತೋರಿಸಿಕೊಂಡಿತು ಅನ್ನಿ, ಒಪ್ಪುತ್ತೇನೆ. ಹಾಗಾದರೆ ಶಾಂತವ್ವ ಕಂಡದ್ದೇನು? ಪಕ್ಕದಲ್ಲೇ ಇದ್ದರೆಂಬ ಮಾಲೀಕರ ಹೆಂಡತಿ ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ? ಇಷ್ಟು ವರ್ಷವಾದರೂ ನನಗೆ ಹೊಳೆದಿಲ್ಲ.

ಮಗ ಬಂದನೆಂದೇ ತಿಳಿದು ಅವಳು ಹೋದಳು. ಆ ಮಾತನ್ನು ಅವನಿಗೆ ಹೇಳಬೇಕಾಗಿತ್ತು. ಹೇಳಿದ್ದರೆ ಶನಿವಾರ ನಾನು ಯಾಕೆ ಅರ್ಧ ದಾರಿಯಿಂದ ಹಿಂತಿರುಗಿದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಎರಡು ವರ್ಷದ ಮೇಲೆ ಅವನು ನಿರ್ದೋಷಿ ಎಂದು ತೀರ್ಪಾಯಿತು. ಅವತ್ತು ಪೇಡೆ ತಂದಿದ್ದ. ನನಗೇ ಮೊದಲು ಕೊಟ್ಟ. ತೆಗೆದುಕೊಂಡು ತಿಂದೆ.